ಮೊಟ್ಟೆ ಹಾಕದ ಹಸಿ ಹಿಟ್ಟನ್ನು ಮಕ್ಕಳು ತಿಂದರೆ ಪರವಾಗಿಲ್ಲವೇ?
ಎಲ್‌ಕೆಜಿ ತರಗತಿಯಲ್ಲಿ ಚಪಾತಿ ಲಟ್ಟಿಸುವ, ಬಿಸ್ಕತ್ತು ಮಾಡುವ ಚಟುವಟಿಕೆ ನಡೆದಾಗ ಒಂದು ಚೂರು ಹಸಿ ಹಿಟ್ಟು ಮಕ್ಕಳ ಬಾಯಿಗೆ ಹೋಗಿಯೇ ಹೋಗುತ್ತದೆ. "ಮೊಟ್ಟೆ ಹಾಕಿಲ್ಲವಲ್ಲ, ಏನೂ ಆಗಲ್ಲ" ಎಂದು ದೊಡ್ಡವರು ಸುಮ್ಮನಾಗುತ್ತಾರೆ. ಈ ನಂಬಿಕೆ ತಪ್ಪು.

ಮೈದಾ, ಗೋಧಿ ಹಿಟ್ಟು ನೋಡಲು ಒಣ ಪುಡಿಯಾದರೂ ಬೇಯಿಸದ ಆಹಾರವೇ. ಹೊಲದಲ್ಲಿ ಪ್ರಾಣಿ, ಪಕ್ಷಿಗಳ ಹಿಕ್ಕೆಯಿಂದ ಇ. ಕೋಲಿ, ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಗೋಧಿಗೆ ತಗಲಬಹುದು. ಗಿರಣಿ ಗೋಧಿಯನ್ನು ಪುಡಿ ಮಾಡುತ್ತದೆ, ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ಒಣ ಹಿಟ್ಟಿನಲ್ಲಿ ಅವು ತಿಂಗಳುಗಟ್ಟಲೆ ಬದುಕಿರಬಲ್ಲವು. 2016ರಲ್ಲಿ ಅಮೆರಿಕದಲ್ಲಿ ಮೈದಾ ಮೂಲಕ ಹರಡಿದ ಇ. ಕೋಲಿಯಿಂದ 63 ಮಂದಿ ಕಾಯಿಲೆ ಬಿದ್ದರು. ಅವರಲ್ಲಿ ಕೆಲವು ಮಕ್ಕಳು ಹೋಟೆಲಿನಲ್ಲಿ ಆಟಕ್ಕೆ ಕೊಟ್ಟ ಹಸಿ ಹಿಟ್ಟಿನ ಉಂಡೆ ಹಿಡಿದು ಆಡಿದವರು!

ಹಾಗೆಂದು ಚಟುವಟಿಕೆ ನಿಲ್ಲಿಸಿ ಎಂದು ನಾವು ಹೇಳುವುದಿಲ್ಲ. ಮಕ್ಕಳು ಲಟ್ಟಿಸಲಿ, ಚೆನ್ನಾಗಿ ಬೆಂದ ಚಪಾತಿಯನ್ನು ತಿನ್ನಲಿ. ಹಿಟ್ಟು ಮುಟ್ಟಿದ ಕೈಗಳನ್ನು ಸೋಪು ಹಚ್ಚಿ ತೊಳೆಸಿ, ಮೇಜನ್ನೂ ಸೋಪು ನೀರಿನಿಂದ ಒರೆಸಿ. ಹಿಟ್ಟನ್ನು ಮೊದಲೇ ಹುರಿದಿಟ್ಟುಕೊಂಡರೆ ಸಾಕು ಎಂಬ ಸಲಹೆಯನ್ನು ನಂಬಬೇಡಿ: ಒಣ ಹಿಟ್ಟಿನಲ್ಲಿ ಬ್ಯಾಕ್ಟೀರಿಯಾ ಶಾಖವನ್ನು ಹೆಚ್ಚು ತಡೆದುಕೊಳ್ಳುತ್ತವೆ. ಬೆರಳು ನೆಕ್ಕದೆ ಇರಲಾರದ ಪುಟಾಣಿಗಳಿಗೆ (ಬಹುತೇಕ ಎಲ್ಲರೂ ಅಂಥವರೇ) ಬಾಳೆಹಣ್ಣು ಹೆಚ್ಚುವ, ಬೆಲ್ಲ ಅವಲಕ್ಕಿ ಕಲಸುವ ಕೆಲಸ ಕೊಡಿ.

ಒಂದು ಚೂರು ತಿಂದಾಗಿದ್ದರೆ ಗಾಬರಿ ಬೇಡ, ಹೆಚ್ಚಿನ ಸಲ ಏನೂ ಆಗುವುದಿಲ್ಲ. ಆದರೆ ಮುಂದಿನ ಕೆಲವು ದಿನಗಳಲ್ಲಿ ಭೇದಿಯಲ್ಲಿ ರಕ್ತ ಕಂಡರೆ ಅಥವಾ ಮೂತ್ರ ಕಡಿಮೆಯಾದರೆ ತಡಮಾಡದೆ ವೈದ್ಯರಿಗೆ ತೋರಿಸಿ. 5 ವರ್ಷದೊಳಗಿನ ಮಕ್ಕಳಲ್ಲಿ ಇಂಥ ಇ. ಕೋಲಿ ಕೆಲವೊಮ್ಮೆ ಮೂತ್ರಪಿಂಡಕ್ಕೇ ಹಾನಿ ಮಾಡುತ್ತದೆ.