ಮುಳುಗಿದ ಕಣಿವೆಯ ಬಿಡಾರಗಳು

ಕ್ಯಾಲಿಫೋರ್ನಿಯಾ ಸಂಸ್ಥಾನದ ಸಿಯೆರಾ ನೆವಾಡಾ ಪರ್ವತಗಳಲ್ಲಿ ಟುವಾಲಮಿ ನದಿಯು ಇಳಿದುಬರುವ ದಾರಿಯಲ್ಲಿ ಹೆಚ್ ಹೆಚಿ ಎಂಬ ಕಣಿವೆಯೊಂದಿತ್ತು. ಲೋಕಪ್ರಸಿದ್ಧವಾದ ಯೊಸೆಮಿಟಿ ಕಣಿವೆಗೆ ಅದು ಒಡಹುಟ್ಟಿದ ತಂಗಿಯೆಂಬಂತಿತ್ತು. ಇಕ್ಕೆಲದಲ್ಲಿಯೂ ನೆಟ್ಟನೆ ನಿಂತ ಕಲ್ಲುಗೋಡೆಗಳು, ಅವುಗಳ ಮೇಲಿಂದ ಧುಮುಕುವ ಅಬ್ಬಿಗಳು, ನಡುವೆ ಹುಲ್ಲುಗಾವಲು, ಓಕ್ ಮರಗಳ ತೋಪು. ಮಿವಾಕ್ ಮೊದಲಾದ ಮೂಲನಿವಾಸಿಗಳು ಬೇಸಗೆಯಲ್ಲಿ ಅಲ್ಲಿಗೆ ಬಂದು ನೆಲಸಿ, ಓಕಿನ ಕಾಯಿಗಳನ್ನೂ ಹುಲ್ಲಿನ ಬೀಜಗಳನ್ನೂ ಕೂಡಿಡುತ್ತಿದ್ದರು. ತಿನ್ನತಕ್ಕ ಬೀಜ ಬಿಡುವ ಒಂದು ಹುಲ್ಲಿನ ಹೆಸರೇ ಕಣಿವೆಗೆ ಬಂದಿತೆಂದು ಹೇಳುವರು. ಆದಕಾರಣ ಬೇಸಗೆಯ ಬಿಡಾರವು ಪಟ್ಟಣಿಗರು ಅಲ್ಲಿಗೆ ತಂದ ಹೊಸ ಪದ್ಧತಿಯೇನೂ ಅಲ್ಲ.

ಪಟ್ಟಣಿಗರಿಗೆ ಆ ರುಚಿಯನ್ನು ಹತ್ತಿಸಿದವರಲ್ಲಿ ಜಾನ್ ಮ್ಯೂರ್ ಎಂಬಾತನು ಮುಖ್ಯನು. 1892ರಲ್ಲಿ ಸ್ಥಾಪಿತವಾದ ಸಿಯೆರಾ ಕ್ಲಬ್ಬಿಗೆ ಆತನೇ ಮೊದಲ ಅಧ್ಯಕ್ಷನಾದನು. 1901ರಿಂದ ಆ ಸಂಘದವರು ವರುಷವರುಷವೂ ಗುಂಪುಕಟ್ಟಿಕೊಂಡು, ಹೇಸರಗತ್ತೆಗಳ ಮೇಲೆ ಸಾಮಾನು ಹೇರಿಕೊಂಡು, ಪರ್ವತಯಾತ್ರೆ ಹೊರಡತೊಡಗಿದರು. ಮೊದಲ ಬಿಡಾರವು ಅದೇ ನದಿಯ ಮೇಲ್ಭಾಗದ ಹುಲ್ಲುಬಯಲಿನಲ್ಲಿ ಬಿದ್ದಿತು. ಬೆಟ್ಟವನ್ನು ಕಾಲಿನಿಂದ ಕಂಡವನು ಅದನ್ನು ಕಾಯುವನೆಂಬುದು ಅವರ ಲೆಕ್ಕಾಚಾರವಾಗಿತ್ತು.

ಅದೇ 1901ರಲ್ಲಿ ಸಾನ್ ಫ್ರಾನ್ಸಿಸ್ಕೊ ನಗರದ ಮೇಯರನಾದ ಫೀಲನ್ ಎಂಬಾತನು ಕುಡಿಯುವ ನೀರಿಗಾಗಿ ಈ ಕಣಿವೆಯನ್ನು ಬೇಡಿದನು. ಸ್ಥಳವು 1890ರಿಂದ ರಾಷ್ಟ್ರೀಯ ಉದ್ಯಾನದೊಳಗೆ ಸೇರಿದ್ದುದರಿಂದ ಬೇಡಿಕೆಯು ಮೊದಲು ತಿರಸ್ಕೃತವಾಯಿತು. 1906ರ ಭೂಕಂಪವೂ ಅದರ ಬೆನ್ನಿಗೇ ಹಬ್ಬಿದ ಬೆಂಕಿಯೂ ಜನಾಭಿಪ್ರಾಯವನ್ನು ತಿರುಗಿಸಿಬಿಟ್ಟುವು. ಅಂದು ಬೆಂಕಿಯನ್ನಾರಿಸಲು ನೀರು ಸಿಕ್ಕದೆಹೋದುದು ಮುಖ್ಯವಾಗಿ ಬೀದಿಗಳೊಳಗಿನ ಕೊಳವೆಗಳು ಒಡೆದುದರಿಂದ, ಕೆರೆಗಳು ಬರಿದಾಗಿದ್ದುದರಿಂದಲ್ಲ. ಸುಟ್ಟುಹೋದ ಊರಿನವರೊಡನೆ ಈ ಸೂಕ್ಷ್ಮವನ್ನು ವಾದಿಸುವವರಾರು?

ಮುಂದಿನ ಚರ್ಚೆಯಲ್ಲಿ ಬಿಡಾರದ ವಿಷಯವೇ ಮತ್ತೆಮತ್ತೆ ಬಂದುದು ಕುತೂಹಲಕರವಾಗಿದೆ. ಕಟ್ಟೆಯ ಪಕ್ಷದವರು, ಈ ದುರ್ಗಮಸ್ಥಳವನ್ನು ನೋಡುವವರು ಬಹು ಕೊಂಚ, ಸರೋವರವಾದರೆ ಬಂಡೆಗಳು ನೀರಿನಲ್ಲಿ ಪ್ರತಿಬಿಂಬಿಸಿ ಶೋಭೆ ಹೆಚ್ಚುವುದು, ರಸ್ತೆಯಾಗಿ ಸಾವಿರಾರು ಜನ ವಿಹಾರಕ್ಕೆ ಬರುವರು ಎಂದರು. ಮ್ಯೂರನ ಪಕ್ಷದವರು, ನೀರು ಇಳಿದಾಗ ಕೆಸರಿನ ದಡವೇ ಕಾಣುವುದೆಂದೂ, ಕುಡಿಯುವ ನೀರಿನ ಶುದ್ಧಿಗಾಗಿ ವಿಹಾರಿಗಳನ್ನು ಕ್ರಮೇಣ ದೂರ ಅಟ್ಟುವರೆಂದೂ ಉತ್ತರಕೊಟ್ಟರು. 1913ರ ಡಿಸೆಂಬರಿನಲ್ಲಿ ಸೆನೆಟ್ ಸಭೆಯು 43ಕ್ಕೆ 25 ಮತಗಳಿಂದ ಮಸೂದೆಯನ್ನು ಒಪ್ಪಿತು. ಅಧ್ಯಕ್ಷ ವಿಲ್ಸನ್ 19ನೆಯ ತಾರೀಖು ರುಜು ಹಾಕಿದನು. ಮರುವರ್ಷದ ಡಿಸೆಂಬರ್ 24ರಂದು ಮ್ಯೂರ್ ತೀರಿಕೊಂಡನು.

ಆ ಶಾಸನದ ಪಾಠದಲ್ಲಿಯೇ ಎರಡು ಪಕ್ಷಗಳ ಮಾತೂ ಅಡಗಿದೆ. ನಗರವು ರಸ್ತೆಗಳನ್ನೂ ಕಾಲುದಾರಿಗಳನ್ನೂ ಮಾಡಿಕೊಡತಕ್ಕದ್ದೆಂದು ಒಂದು ಕಡೆ. ನೀರಿನಿಂದ 300 ಅಡಿಯೊಳಗೆ ಮಲವನ್ನಾಗಲಿ ಕಸವನ್ನಾಗಲಿ ಹಾಕಕೂಡದು, ಸ್ನಾನಮಾಡಕೂಡದು, ಬಟ್ಟೆ ಒಗೆಯಕೂಡದು ಎಂದು ಇನ್ನೊಂದು ಕಡೆ. ಎಂಜಿನಿಯರ್ ಓಶಾನೆಸಿಯ ಹೆಸರಿನ ಕಟ್ಟೆಯು 1923ರಲ್ಲಿ ಮುಗಿದು, 1938ರಲ್ಲಿ ಇನ್ನೂ ಎತ್ತರಿಸಲ್ಪಟ್ಟಿತು. 167 ಮೈಲಿ ದೂರದ ನಾಲೆ, ಸುರಂಗಗಳ ಮೂಲಕ 1934ರ ಅಕ್ಟೋಬರಿನಲ್ಲಿ ನೀರು ಪಟ್ಟಣದ ಬಳಿಗೆ ತಲಪಿತು. ಅದಕ್ಕೆ ಕೆಲವೇ ದಿನಗಳ ಮುಂಚೆ ಓಶಾನೆಸಿ ಸತ್ತಿದ್ದನು.

ಸರೋವರವೇನೋ ಆಯಿತು, 8 ಮೈಲಿ ಉದ್ದದ ಆ ನೀರಿನಲ್ಲಿ ದೋಣಿಯಿಲ್ಲ, ಈಜಿಲ್ಲ. ದಡದಲ್ಲಿ ಕುಳಿತು ಗಾಳ ಹಾಕಬಹುದು. ನೀರು ಎಷ್ಟು ನಿರ್ಮಲವೆಂದರೆ ಅದನ್ನು ಸೋಸದೆಯೇ ನಗರಕ್ಕೆ ಬಿಡಲು ಸರ್ಕಾರದ ಅಪ್ಪಣೆಯುಂಟು. ಆದುದರಿಂದ ಈ ನಿಷೇಧವನ್ನು ಬರಿಯ ಹಟವೆನ್ನುವಂತಿಲ್ಲ. ಚಾರಣಿಗರಿಗಾಗಿ ಕಟ್ಟೆಯ ಸಮೀಪದಲ್ಲಿ ಒಂದು ಬಿಡಾರದ ತಾಣವಿದೆ. ಕಾಡಿನೊಳಗೆ ಹೋಗಲು ಪರವಾನಗಿ ಪಡೆದವರು ಅಲ್ಲಿ ಒಂದು ರಾತ್ರಿ ತಂಗಬಹುದು. ಕಟ್ಟೆಯ ಮೇಲೆ ನಡೆದು, ಸುರಂಗವನ್ನು ದಾಟಿ, ಎರಡೂವರೆ ಮೈಲಿ ಹೋದರೆ ವಪಾಮಾ ಅಬ್ಬಿ. ಹಿಮ ಕರಗುವ ಕಾಲದಲ್ಲಿ ಅದರ ನೀರು ಕಾಲುಸೇತುವೆಗಳ ಮೇಲೆಯೇ ನುಗ್ಗುವುದುಂಟು.

1987ರಲ್ಲಿ ಒಳಾಡಳಿತದ ಮಂತ್ರಿ ಹೋಡೆಲ್, ಕಟ್ಟೆಯನ್ನು ತೆಗೆದು ಕಣಿವೆಯನ್ನು ಮರಳಿ ತೆರೆಯಬಾರದೇಕೆ ಎಂದು ಕೇಳಿದನು. 2012ರಲ್ಲಿ, ಅದಕ್ಕೊಂದು ಯೋಜನೆಯನ್ನಾದರೂ ಸಿದ್ಧಪಡಿಸಬೇಕೆಂಬ ಸೂಚನೆಯು ಸಾನ್ ಫ್ರಾನ್ಸಿಸ್ಕೊ ನಗರದ ಮತದಾರರ ಮುಂದೆ ಬಂದಾಗ, ನೂರಕ್ಕೆ ಸುಮಾರು 77 ಮಂದಿ ಬೇಡವೆಂದರು.