ಹಸಿ ಹಾಲಿನ ಖನಿಜಾಂಶ: ವಿವಾದದ ಇತಿಹಾಸ (ಸನ್ನಿವೇಲ್ ಪರಿಸರ)

ಕ್ಯಾಲಿಫೋರ್ನಿಯಾದ ಸನ್ನಿವೇಲ್ ಇರುವ ಸಾಂತಾ ಕ್ಲಾರಾ ಕೌಂಟಿಗೆ ಹಸಿ ಹಾಲು ಹೊಸದಲ್ಲ. 1927ರಲ್ಲಿ ಇಲ್ಲಿನ ಮಾಂಟೆ ಸೆರೆನೊದಲ್ಲಿ ಶುರುವಾದ ಕ್ಲಾರವೇಲ್ ಡೈರಿ ಜರ್ಸಿ ಹಸುಗಳ ಹಸಿ ಹಾಲನ್ನು ಮಾರುತ್ತಿತ್ತು. ಹಸಿ ಹಾಲಿನ ಅಂತರರಾಜ್ಯ ಮಾರಾಟವನ್ನು ಅಮೆರಿಕದ ಕೇಂದ್ರ ಸರ್ಕಾರ 1987ರಲ್ಲಿ ನಿಷೇಧಿಸಿದರೂ ಕ್ಯಾಲಿಫೋರ್ನಿಯಾದ ಒಳಗೆ ಅದು ಎಚ್ಚರಿಕೆಯ ಚೀಟಿ ಹೊತ್ತು ಅಂಗಡಿಗಳಲ್ಲಿ ಸಿಗುತ್ತದೆ.

ಬಿಸಿ ಮಾಡಿದ ಹಾಲಿನ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ ಎಂಬ, ಹಸಿ ಹಾಲಿನ ಪರ ಇರುವವರ ವಾದಕ್ಕೆ ಆಧಾರವಾಗಿ ಬರುವುದು ಬಹುಪಾಲು ಹಳೆಯ ಪ್ರಯೋಗಗಳು. ಅವುಗಳಲ್ಲಿ ಹೆಚ್ಚು ಗೊಂದಲ ಹುಟ್ಟಿಸಿದ್ದು 1930ರ ಸ್ಕಾಟ್‌ಲೆಂಡಿನ ಲ್ಯಾನಾರ್ಕ್‌ಷೈರ್ ಪ್ರಯೋಗ. ಶಾಲೆಯ 5,000 ಮಕ್ಕಳಿಗೆ ಹಸಿ ಹಾಲು, 5,000 ಮಕ್ಕಳಿಗೆ ಪಾಶ್ಚರೀಕರಿಸಿದ ಹಾಲು ಕೊಟ್ಟು, ಹಾಲು ಕೊಡದ 10,000 ಮಕ್ಕಳ ಜೊತೆ ಹೋಲಿಸಿದರು. ಎರಡೂ ಹಾಲು ಸಮ ಎಂದಿತು ವರದಿ. ಮರುವರ್ಷ ಅದೇ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿದ ಸಂಖ್ಯಾಶಾಸ್ತ್ರಜ್ಞ ಫಿಷರ್ ಮತ್ತು ಸಂಶೋಧಕ ಬಾರ್ಟ್ಲೆಟ್ ಹಸಿ ಹಾಲಿಗೆ ತುಸು ಮೇಲುಗೈ ಕಂಡರು. ‘ಸ್ಟೂಡೆಂಟ್’ ಎಂಬ ಹೆಸರಲ್ಲಿ ಬರೆಯುತ್ತಿದ್ದ ಸಂಖ್ಯಾಶಾಸ್ತ್ರಜ್ಞ ಗಾಸೆಟ್ ಬುಡದ ದೋಷವನ್ನೇ ಹಿಡಿದರು: ಒಂದು ಶಾಲೆಗೆ ಒಂದೇ ಬಗೆಯ ಹಾಲು ಹೋಗಿತ್ತು, ಬಡಕಲು ಮಕ್ಕಳಿಗೆ ಹಾಲು ಸಿಗಲೆಂದು ಮೇಷ್ಟ್ರುಗಳು ಮರುಗಿ ಆಯ್ಕೆ ಬದಲಿಸಿದ್ದ ಲಕ್ಷಣವಿತ್ತು, ಚಳಿಗಾಲದಲ್ಲೂ ಬೇಸಿಗೆಯಲ್ಲೂ ಬಟ್ಟೆ ಸಮೇತ ತೂಗಿದ್ದರು. ಇಷ್ಟಕ್ಕೂ ಅಲ್ಲಿ ಅಳೆದದ್ದು ಎತ್ತರ ಮತ್ತು ತೂಕ, ಖನಿಜಾಂಶವನ್ನಲ್ಲ. ಈ ಪ್ರಯೋಗವನ್ನು ಕ್ಯಾಲ್ಸಿಯಂ ಕುರಿತ ವಾದಕ್ಕೆ ಸಾಕ್ಷಿಯಾಗಿ ಎತ್ತಿಕೊಳ್ಳುವುದು ಸಲ್ಲದು.

ಎರಡನೆಯ ವಾದ ಫಾಸ್ಫಟೇಸ್ ಕಿಣ್ವದ್ದು: ಕ್ಯಾಲ್ಸಿಯಂ ಮೈಗೆ ಹತ್ತಲು ಹಾಲಿನಲ್ಲಿರುವ ಈ ಕಿಣ್ವ ಬೇಕು ಎಂಬುದು. ಪಾಶ್ಚರೀಕರಣದಲ್ಲಿ ಅದು ನಾಶವಾಗುವುದು ನಿಜ. ಹಾಲು ಸರಿಯಾಗಿ ಬಿಸಿಯಾಗಿದೆಯೇ ಎಂದು ಡೈರಿಗಳು ನೋಡುವುದೇ ಆ ಕಿಣ್ವದ ಪರೀಕ್ಷೆಯಿಂದ. ಆದರೆ ಮನುಷ್ಯನ ಕರುಳು ಈ ಕಿಣ್ವವನ್ನು ತಾನೇ ತಯಾರಿಸಿಕೊಳ್ಳುತ್ತದೆ. 100 ಗ್ರಾಂ ಹಸುವಿನ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಪಾಶ್ಚರೀಕರಣಕ್ಕಾಗಿ 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಇಟ್ಟರೂ ಅದು ಕಡಿಮೆಯಾಗದು. ನಮ್ಮ ಮನೆಗಳಲ್ಲಿ ಉಕ್ಕಿಬರುವವರೆಗೆ ಕಾಯಿಸುವಾಗ ಪಾತ್ರೆಯ ತಳಕ್ಕೆ ಹತ್ತುವ ಪದರದಲ್ಲಿ ಸ್ವಲ್ಪ ಉಳಿಯಬಹುದು, ಅಷ್ಟೇ.

ಇತ್ತೀಚಿನ ತಿರುವು ರೋಗಾಣುವಿನಿಂದ ಬಂತು. ಕೌಂಟಿಯ ಪ್ರಯೋಗಾಲಯ ಅಂಗಡಿಯಿಂದ ತಂದು ಪರೀಕ್ಷಿಸಿದ ‘ರಾ ಫಾರ್ಮ್’ ಸಂಸ್ಥೆಯ ಹಸಿ ಹಾಲಿನಲ್ಲಿ ಹಕ್ಕಿಜ್ವರದ ವೈರಾಣು ಪತ್ತೆಯಾದುದನ್ನು 2024ರ ನವೆಂಬರ್ 24ರಂದು ರಾಜ್ಯ ಪ್ರಕಟಿಸಿತು. ಮೊದಲು ಒಂದು ಬ್ಯಾಚಿನ ಹಾಲು, ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಸಂಸ್ಥೆಯ ಹಸಿ ಹಾಲು ಮತ್ತು ಕೆನೆಯೆಲ್ಲ ಅಂಗಡಿಗಳಿಂದ ವಾಪಸಾದವು. ಪಾಶ್ಚರೀಕರಣ ಈ ವೈರಾಣುವನ್ನು ನಿಷ್ಕ್ರಿಯಗೊಳಿಸುತ್ತದೆ. ಖನಿಜಕ್ಕಾಗಿ ಹಸಿ ಹಾಲು ಕೊಳ್ಳುವವರು ಅದನ್ನು ಕಾಯಿಸಿಯೇ ಕುಡಿಯಬೇಕು. ಅದರಿಂದ ಹೇಳಿಕೊಳ್ಳುವಷ್ಟು ಕ್ಯಾಲ್ಸಿಯಂ ನಷ್ಟವಾಗುವುದಿಲ್ಲ.