ಫಟಫಟಿಯ ಹುಚ್ಚು, ಚಳಿಗಾಲದ ಬಿಡುವು

ಹಿಮ ಬೀಳುವ ದೇಶಗಳಲ್ಲಿ ಚಳಿಗಾಲಕ್ಕೆ ಮೋಟಾರ್‌ಸೈಕಲ್ ಮೂಲೆ ಸೇರುತ್ತದೆ. ಒಡೆಯ ಅದನ್ನು ಬಿಚ್ಚಿ, ಒರೆಸಿ, ಜೋಡಿಸುತ್ತ ಕೂರುತ್ತಾನೆ. ಅಂಥ ಜೆಕ್ ನಾಡಿನ ಜಾವಾ 1961ರಿಂದ ಮೈಸೂರಿನಲ್ಲೇ ತಯಾರಾಯಿತು. 1973ರಲ್ಲಿ ಯೆಜ್ಡಿ ಎನಿಸಿತು. ಅದರ ಕಿಕ್ಕೂ ಗೇರೂ ಒಂದೇ ಸರಳು!

ನಮ್ಮ ಚಿಕ್ಕಪಡಸಲಗಿಯಲ್ಲೂ ಹಿಂಗಾರಿ ಜೋಳ ಬಿತ್ತಿದ ಮೇಲೆ ಗಂಡಸರಿಗೆ ಬಿಡುವಿತ್ತು. ಊರಿಗೊಂದು ಫಟಫಟಿ ಬಂದರೆ ಕಟ್ಟೆಯ ಮೇಲಿದ್ದವರೆಲ್ಲ ಸುತ್ತ ನೆರೆಯುತ್ತಿದ್ದರು. ಕೊಳ್ಳಲು ದುಡ್ಡೆಲ್ಲಿ? 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ಹಣ ಕೂಡಿಸಿ, ಬೆವರು ಸುರಿಸಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ನೀರು ನಿಂತಿತು, ಕಬ್ಬು ಬಂತು, ಬೆನ್ನಿಗೇ ಫಟಫಟಿಯೂ ಬಂತು. ಆದರೆ ಕಬ್ಬು ಕಡಿಯುವುದೇ ಚಳಿಗಾಲದಲ್ಲಿ, ಬಿಡುವು ಹೋಯಿತು. 1996ರಲ್ಲಿ ಮೈಸೂರಿನ ಕಾರ್ಖಾನೆಯೂ ಮುಚ್ಚಿತು.

ಗಂಡಸರ ಹುಚ್ಚೆಂದು ನಾವು ನಗುತ್ತೇವೆ. ಹುಚ್ಚು ಹಿಡಿಯಲಿಕ್ಕೂ ಬಿಡುವು ಬೇಕಲ್ಲವೇ? ಹೊಲ, ಒಲೆ, ದನ, ಮಕ್ಕಳ ನಡುವೆ ಹೆಣ್ಣುಮಕ್ಕಳಿಗೆ ಅದು ಬ್ಯಾರೇಜಿಗೆ ಮೊದಲೂ ಇರಲಿಲ್ಲ, ಆಮೇಲೂ ಬರಲಿಲ್ಲ. ಈಗ ನನ್ನ ಹಳೆಯ ವಿದ್ಯಾರ್ಥಿನಿಯರು ಸ್ಕೂಟಿ ಏರಿ ಜಮಖಂಡಿಯ ಕಾಲೇಜಿಗೆ ಹೋಗುತ್ತಾರೆ. ಗಾಡಿಯಂತೂ ಸಿಕ್ಕಿತು, ಕೆಲಸವಿಲ್ಲದೆಯೂ ಒಂದು ಸುತ್ತು ಹೋಗಿಬರುವಷ್ಟು ಬಿಡುವು ಅವರಿಗಾದರೂ ಸಿಗಲಿ.